ಜಿಜಾಬಾಯಿಯ ಕೈ ಯಾಕ ಝುಂ ಅಂತದ?

ಬೀದರ ನಗರದ ಮೈಲೂರಿನಲ್ಲಿ ಒಂದು ಬಾಡಿಗೆ ಮನೆ. ಮುಂದಿನ ಭಾಗದಲ್ಲಿ ಖತೀಜಾ ಬೇಗಂ ಅವರ ಸಂಸಾರ. ಹಿಂದಿನ ಭಾಗದಲ್ಲಿ ರಾಜರತ್ನ, ಅವನ ಹೆಂಡತಿ ಸುಮನ, ತಾಯಿ ಜಿಜಾಬಾಯಿ. ರಾಜರತ್ನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನೌಕರ. ಸುಮನ ನೌಬಾದದ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಮನೆಯ ಮಾಲೀಕ ಜ್ಞಾನೇಶ್ವರ ಇರುವುದು ಭಾಲ್ಕಿಯಲ್ಲಿ. ಬಾಡಿಗೆ ಕೇಳಲು ತಿಂಗಳು ತಪ್ಪದೆ ಫೋನ್ ಮಾಡುತ್ತಾನೆ. ಮನೆ ನೋಡಲು ಮಾತ್ರ ಬರುವುದಿಲ್ಲ.

ಮಾಳಿಗೆ ಮೇಲಿನ ನೀರಿನ ಟ್ಯಾಂಕಿ ಸೋರುತ್ತಿತ್ತು. ಬಚ್ಚಲಮನೆಯ ಗೋಡೆ ಬೇಸಿಗೆಯಲ್ಲೂ ಒಣಗುತ್ತಿರಲಿಲ್ಲ. ಸುಮನ ಎಷ್ಟೋ ಸಲ ಫೋನಿನಲ್ಲಿ ಹೇಳಿದ್ದಳು. "ಮಾಡಸ್ತೇನಿ, ಮಾಡಸ್ತೇನಿ" ಎನ್ನುವುದೇ ಉತ್ತರ. ಕಿರಾಯಿ ಕೊಟ್ಟು ಇರುವ ಮನೆ ಅಂದರೆ ಇಷ್ಟೇ ಎಂದು ಇವರೂ ಸುಮ್ಮನಾಗಿದ್ದರು.

ಒಂದು ಮುಂಜಾನೆ ಜಿಜಾಬಾಯಿ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಕೈ ತಿಕ್ಕಿಕೊಳ್ಳುತ್ತ ಹೊರಗೆ ಬಂದರು.

"ರಾಜಾ, ನನ್ನ ಕೈ ಝುಂ ಝುಂ ಅಂತದಲ್ಲೋ. ಇರುವಿ ಹರದಂಗ ಆಗ್ತದ."

"ವಯಸ್ಸಾಗ್ಯಾದ ಆಯಿ. ಶುಗರ್ ಇರಬೇಕು, ತೋರಸೋಣ ಬಾ" ಎಂದ ರಾಜರತ್ನ.

ದವಾಖಾನೆಗೆ ಹೋದರು. ರಕ್ತ ತಪಾಸಣೆ ಮಾಡಿಸಿದರು. ಶುಗರ್ ಇಲ್ಲ, ಬಿ.ಪಿ.ಯೂ ಇಲ್ಲ. "ನರದ ದೌರ್ಬಲ್ಯ ಇರಬಹುದು" ಎಂದು ಡಾಕ್ಟರು ಗುಳಿಗೆ ಬರೆದುಕೊಟ್ಟರು. ಗುಳಿಗೆ ಮುಗಿದರೂ ಝುಂ ಎನ್ನುವುದು ನಿಲ್ಲಲಿಲ್ಲ. ಊಟಕ್ಕೆ ಕುಳಿತಾಗ ಇಲ್ಲ, ಮಲಗಿದಾಗ ಇಲ್ಲ, ಮುಂಜಾನೆ ಒಮ್ಮೆ ಬರುತ್ತದೆ, ಹೋಗುತ್ತದೆ. ಇದೆಂಥ ಬೇನೆ? ಜಿಜಾಬಾಯಿಗೆ ಲಕ್ವಾ ಹೊಡೆಯುವ ಭಯ ಹತ್ತಿತು. ಚಹಾದ ಕಪ್ಪನ್ನು ಕೂಡ ಎರಡೂ ಕೈಯಲ್ಲಿ ಹಿಡಿಯತೊಡಗಿದರು.

ಹವಾ ಬದಲಾಗಲಿ ಎಂದು ಔರಾದದಲ್ಲಿರುವ ಮಗಳು ಪ್ರಣಾಲಿಯ ಮನೆಗೆ ಕಳಿಸಿದರು. ಅಲ್ಲಿ ಹೋದದ್ದೇ ತಡ, ಕೈ ಗುಣವಾಯಿತು.

"ವೈನಿ, ಆಯಿ ಇಲ್ಲಿ ಚಂದ ಅದಾಳ ನೋಡ್ರಿ. ಒಮ್ಮಿನೂ ಝುಂ ಅಂದಿಲ್ಲ" ಎಂದು ಪ್ರಣಾಲಿ ಅತ್ತಿಗೆಗೆ ಫೋನ್ ಮಾಡಿದಳು.

ಸುಮನಳಿಗೆ ಸಂತೋಷವಾಗಬೇಕಿತ್ತು. ಬದಲಿಗೆ ಎದೆಯಲ್ಲಿ ಏನೋ ಚುಚ್ಚಿತು. ಮಗಳ ಮನೆಯಲ್ಲಿ ಆರಾಮ, ಸೊಸೆಯ ಮನೆಯಲ್ಲಿ ಬೇನೆ. ಮಂದಿ ಏನಂದಾರು?

"ನನ್ನ ಕೈಯಡಗಿ ಆಯಿಗಿ ಒಗ್ಗಲ್ಲೇನ್ರಿ? ಇಲ್ಲಾ ನನ್ನ ಮ್ಯಾಲ ಸಿಟ್ಟದೇನು?" ಎಂದು ಗಂಡನನ್ನು ಕೇಳಿಯೇಬಿಟ್ಟಳು.

"ಔರಾದದ ನೀರು ಛಲೋ ಇರಬೇಕು" ಎಂದು ರಾಜರತ್ನ ಅಂದುಬಿಟ್ಟ. ಸುಮನ ಅಂದು ಸರಿಯಾಗಿ ಊಟ ಮಾಡಲಿಲ್ಲ.

ಇದೇ ಹೊತ್ತಿಗೆ ಲೈಟ್ ಬಿಲ್ ಏರುತ್ತ ಹೊರಟಿತ್ತು. ಎರಡೂ ಮನೆಗೆ ಒಂದೇ ಮೀಟರು, ಅರ್ಧರ್ಧ ಕೊಡಬೇಕು ಎಂಬುದು ಮಾಲೀಕನ ಹುಕುಂ. ಖತೀಜಾ ಬೇಗಂ ಅವರ ಮನೆಯಲ್ಲಿ ಹೊಸ ಫ್ರಿಜ್ ಬಂದದ್ದಕ್ಕೇ ಹೀಗೆ ಎಂದು ರಾಜರತ್ನನ ಅನುಮಾನ. ಇವರು ನೀರು ಕಾಯಿಸುವ ಹೀಟರು ಬಹಳ ಹೊತ್ತು ಹಚ್ಚುತ್ತಾರೆ ಎಂದು ಅವರ ಅನುಮಾನ. ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಆದರೆ ಈ ಮನೆಯ ಹೋಳಿಗೆ ಆ ಮನೆಗೆ, ಆ ಮನೆಯ ಶೀರ್‌ಖುರ್ಮಾ ಈ ಮನೆಗೆ ಹೋಗುವುದು ನಿಂತಿತು.

ಜಿಜಾಬಾಯಿ ಔರಾದದಿಂದ ಮರಳಿದರು. ಮರುದಿನ ಮುಂಜಾನೆ ಮತ್ತೆ ಕೈ ಝುಂ ಎಂದಿತು. ಮಗನಿಗೆ ಮತ್ತೆ ಖರ್ಚು ಯಾಕೆ ಎಂದು ಅವರು ಯಾರಿಗೂ ಹೇಳಲಿಲ್ಲ.

ಒಂದು ದಿನ ಶಾಲೆಗೆ ತಡವಾಯಿತೆಂದು ಸುಮನ ಚಪ್ಪಲಿ ಹಾಕಿಕೊಳ್ಳದೆ ಬಚ್ಚಲಮನೆಗೆ ಓಡಿದಳು. ಹಸಿ ನೆಲ, ಹಸಿ ಕೈ. ನಲ್ಲಿ ತಿರುಗಿಸಿದಳಷ್ಟೇ, ಯಾರೋ ಹಿಡಿದು ಒಗೆದಂತಾಯಿತು. ಹಿಂದಿನ ಗೋಡೆಗೆ ಹೋಗಿ ಬಿದ್ದಳು. ಸಪ್ಪಳ ಕೇಳಿ ಜಿಜಾಬಾಯಿ ಬಂದರು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಸುಮನ ಅತ್ತೆಯ ಮುಖವನ್ನೇ ನೋಡಿದಳು.

"ಆಯಿ, ನಿಮ್ಮ ಕೈ ಝುಂ ಅನ್ನೋದು ಈ ನಲ್ಲಿ ಮುಟ್ಟಿದಾಗೇನ್ರಿ?"

ಜಿಜಾಬಾಯಿ ಯೋಚಿಸಿದರು. "ಹೌದವ್ವಾ. ಮುಂಜಾನಿ ಮಾರಿ ತೊಳಿಲಾಕ ಹೋದಾಗೇ ಆಗ್ತದ. ನಾ ನನ್ನ ಕೈದೇ ದೋಷ ಅಂತ ತಿಳದಿದ್ದೆ."

ಗದ್ದಲ ಕೇಳಿ ಖತೀಜಾ ಬೇಗಂ ಓಡಿ ಬಂದರು. ಕೇಳಿದವರೇ ಮೊದಲು ಮೇನ್ ಸ್ವಿಚ್ ಬಂದ್ ಮಾಡಿದರು. "ಯಾರೂ ಒಳಗ ಹೋಗಬ್ಯಾಡ್ರಿ" ಎಂದು ಹೇಳಿ, ಓಣಿಯ ವೈರಿಂಗ್ ಕೆಲಸದ ಉಸ್ಮಾನ ಮಿಯಾ ಅವರನ್ನು ಕರೆಸಿದರು.

ಉಸ್ಮಾನ ಮಿಯಾ ಗೋಡೆ ಸ್ವಲ್ಪ ಕೆತ್ತಿ ನೋಡಿದರು. "ತೌಬಾ! ಪೈಪ್ ಇಲ್ದೆ ಬರೇ ವೈರ್ ಗೋಡ್ಯಾಗ ಹುಗದಾರ. ಟ್ಯಾಂಕಿ ನೀರು ಇಳದು ವೈರ್ ಕೂಡಿಸಿದ ಜಾಗ ಕೊಳತದ. ನಲ್ಲಿ ಪೈಪಿಗಿ ಕರೆಂಟ್ ಬರ್ಲಾಕತ್ಯಾದ. ಸೋರಿದ ಕರೆಂಟ್ ನೆಲಕ್ಕ ಇಳಸೋ ಅರ್ಥಿಂಗ್ ಅಂತೂ ಮನಿಗೇ ಇಲ್ಲ. ಆಯಿ ರಬ್ಬರ್ ಚಪ್ಪಲಿ ಹಾಕ್ಕೊಂತಿದ್ದಳಂತ ಉಳದಾಳ."

"ಅಂದ್ರ ಬಿಲ್ಲು...?" ಎಂದ, ಸುದ್ದಿ ತಿಳಿದು ಓಡಿ ಬಂದಿದ್ದ ರಾಜರತ್ನ.

"ಸೋರಿ ಹೋಗೋ ಕರೆಂಟೂ ಮೀಟರ್ ತಿರುಗಸ್ತದ ಭಾಯಿ."

ರಾಜರತ್ನ ಖತೀಜಾ ಬೇಗಂ ಅವರ ಕಡೆ ನೋಡಿದ. ಅವರೂ ನೋಡಿದರು. ಇಬ್ಬರಿಗೂ ನಾಚಿಕೆಯಾಯಿತು.

ಉಸ್ಮಾನ ಮಿಯಾ ಬಚ್ಚಲಮನೆಯ ಫ್ಯೂಸ್ ತೆಗೆದಿಟ್ಟು ಹೋದರು. ರಾಜರತ್ನ ಮುಂದಿನ ರಜೆಯಲ್ಲೇ ಭಾಲ್ಕಿಗೆ ಹೋದ. ಜ್ಞಾನೇಶ್ವರ ಅಂಗಳದಲ್ಲಿ ಖುರ್ಚಿ ಹಾಕಿಕೊಂಡು ಕುಳಿತಿದ್ದ. ಎಲ್ಲವನ್ನೂ ಕೇಳಿ ನಕ್ಕ.

"ಮುದುಕಿ ಮಾತ ಕಟಗೊಂಡು ಇಲ್ಲೀತನ ಬಂದೀರಿ? ಹೀಟರ್ ಹಚ್ಚಿ ಹಚ್ಚಿ ವೈರ್ ಸುಟ್ಟೀರಿ. ಗೋಡಿ ಹಾಳ ಮಾಡಿದವರೂ ನೀವೇ. ಬ್ಯಾಡಾದ್ರ ಖಾಲಿ ಮಾಡ್ರಿ. ಆದ್ರ ಡಿಪಾಜಿಟ್ ಸಿಗಲ್ಲ, ಮನಿ ರಿಪೇರಿಗಿ ಹಿಡಕೋತೇನಿ."

ಒಳಗಿನಿಂದ ಅವನ ಹೆಂಡತಿ ಕಾಂತಾಬಾಯಿ, "ಒಮ್ಮಿ ಹೋಗಿ ನೋಡ್ಕೊಂಡರ ಬರ್ರಲ್ಲ" ಎಂದಳು. "ನಿನಗೇನ ತಿಳೀತದ?" ಎಂದು ಅವಳ ಬಾಯಿ ಮುಚ್ಚಿಸಿದ.

ರಾಜರತ್ನ ಎದ್ದು ಬಂದ. ಏನೆಂದು ವಾದಿಸುವುದು? ಕರಾರು ಪತ್ರವಿಲ್ಲ. ಬಾಡಿಗೆಯನ್ನೂ ಡಿಪಾಜಿಟ್ಟನ್ನೂ ರಶೀದಿಯಿಲ್ಲದೆ ಕೈಯಲ್ಲೇ ಕೊಟ್ಟದ್ದು. ಮನೆ ಬಿಟ್ಟರೆ ಹಣ ಹೋಗುತ್ತದೆ. ಇದ್ದರೆ ಜೀವದ ಭಯ.

ಕಂಡವರನ್ನೆಲ್ಲ ಕೇಳಿದ. ಕಾಲೇಜಿನಲ್ಲಿ ಒಬ್ಬ, "ಕಿರಾಯಿ ಕೊಡೋದ ನಿಲ್ಲಸು, ತಾನೇ ಬರ್ತಾನ" ಎಂದ. ಇನ್ನೊಬ್ಬ, "ಕಿರಾಯಿದಾರಂದು ಏನೂ ನಡ್ಯಲ್ಲ, ಬಾಯಿ ಮುಚ್ಕೊಂಡು ಬ್ಯಾರೆ ಮನಿ ನೋಡು" ಎಂದ. ಮತ್ತೊಬ್ಬ ಪೊಲೀಸ್ ಠಾಣೆಗೆ ಹೋಗು ಎಂದ. ಒಂದೊಂದು ಮಾತೂ ಖರೆ ಅನ್ನಿಸುತ್ತಿತ್ತು. ಮನೆಗೆ ಬರುವ ಹೊತ್ತಿಗೆ ಅವನ ತಲೆ ಗಿರ್ರೆನ್ನುತ್ತಿತ್ತು.

ಖತೀಜಾ ಬೇಗಂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕಿ. ಕೊನೆಗೆ ಅವರ ಮುಂದೆ ಹೇಳಿಕೊಂಡಾಗ ಅವರು ಅಂದರು:

"ಕಿರಾಯಿ ನಿಲ್ಲಸಬ್ಯಾಡ್ರಿ ರಾಜರತ್ನ. ಅದು ತಿರುಗಿ ನಿಮ್ಮ ಮ್ಯಾಲೇ ಬರ್ತದ. ಇನ್ನ ಮ್ಯಾಲ ಫೋನಿಂದ, ಇಲ್ಲಾ ಬ್ಯಾಂಕಿಂದ ಕೊಡ್ರಿ. ಪುರಾವಾ ಉಳೀತದ."

"ಕೋರ್ಟು ಕಛೇರಿ ನಮಗ ಬ್ಯಾಡ್ರಿ. ಜ್ಞಾನೇಶ್ವರ ಸಿಟ್ಟಿಗೆದ್ದು ನೀರು, ಲೈಟ್ ಬಂದ್ ಮಾಡಿದ್ರ ಆಯಿನ ಕರಕೊಂಡು ಎಲ್ಲಿಗಿ ಹೋಗ್ಲಿ?"

"ತ್ರಾಸು ಕೊಡಬೇಕಂತ ಹಂಗ ಬಂದ್ ಮಾಡಲಾಕ ಬರಂಗಿಲ್ರಿ."

"ಮತ್ತ ಡಿಪಾಜಿಟ್?"

"ಅದು ನನಗೂ ಪಕ್ಕಾ ಗೊತ್ತಿಲ್ರಿ. ಸುಳ್ಳ ಯಾಕ ಹೇಳ್ಲಿ? ನಡ್ರಿ, ವಕೀಲರಿಗೇ ಕೇಳೋಣ."

"ಅವರ ಫೀಸು?"

"ಹೆಣ್ಣಮಕ್ಕಳಿಗಿ, ಎಸ್.ಸಿ., ಎಸ್.ಟಿ. ಮಂದಿಗಿ ಪಗಾರ ಎಷ್ಟೇ ಇರ್ಲಿ, ಪುಕ್ಕಟೆ. ಸುಮನ ಹೆಸರಲೇ ಅರ್ಜಿ ಹಾಕೋಣ."

ರಾಜರತ್ನನಿಗೆ ಆಗಲೂ ಧೈರ್ಯವಿರಲಿಲ್ಲ. ಸುಮನ ಎದ್ದು ನಿಂತಳು. "ನಾ ಹೋಗ್ತೇನಿ. ಬಿದ್ದವಳು ನಾ ಅಲ್ಲೇನು?"

ಕೋರ್ಟಿನ ಆವರಣದ ಕಚೇರಿಯಲ್ಲಿ ವಕೀಲರು ಸಮಾಧಾನದಿಂದ ಕೇಳಿದರು. ಬಲ್ಬು ಹೋದರೆ ಬಾಡಿಗೆದಾರರು ಹಾಕಿಕೊಳ್ಳಬೇಕು. ಗೋಡೆ, ಮಾಳಿಗೆ, ಒಳಗಿನ ವೈರಿಂಗ್ ಸರಿಯಾಗಿಡುವುದು ಸಾಮಾನ್ಯವಾಗಿ ಮಾಲೀಕರ ಕೆಲಸ. ಮನೆ ಹಳೆಯದಾಗಿ ತಾನೇ ಕೆಟ್ಟದ್ದಕ್ಕೆ ಡಿಪಾಜಿಟ್ ಹಿಡಿಯುವುದು ನ್ಯಾಯವಲ್ಲ ಎಂದು ತಿಳಿಸಿದರು. ಗೋಡೆಯ ಫೋಟೊ ಇಟ್ಟು, ಆದದ್ದನ್ನೆಲ್ಲ ಬರೆದು, ಅಂಚೆ ಕಚೇರಿಯಿಂದ ರಿಜಿಸ್ಟರ್ಡ್ ಪತ್ರ ಕಳಿಸಿದರು. ಮಾತುಕತೆಗೆ ಬರಬೇಕೆಂದು ಪ್ರಾಧಿಕಾರದಿಂದಲೂ ಜ್ಞಾನೇಶ್ವರನಿಗೆ ಸೂಚನೆ ಹೋಯಿತು.

ಪತ್ರ ಕೈಗೆ ಸಿಕ್ಕದ್ದೇ ಜ್ಞಾನೇಶ್ವರ ಮೈಲೂರಿಗೆ ಬಂದಿಳಿದ. "ನನ್ನ ಮನಿ ಮ್ಯಾಲ ಕಂಪ್ಲೇಂಟಾ?" ಎಂದು ಹೊರಗಿನಿಂದಲೇ ಕೂಗಿದ. ಖತೀಜಾ ಬೇಗಂ ಉಸ್ಮಾನ ಮಿಯಾ ಅವರನ್ನು ಕರೆದರು. ಅವರು ಬರುವಷ್ಟರಲ್ಲಿ ಜ್ಞಾನೇಶ್ವರ ತಾನೇ ಫ್ಯೂಸ್ ಹಾಕಿಬಿಟ್ಟಿದ್ದ.

"ನಾ ಮುಟ್ಟಿ ತೋರಸ್ತೇನಿ. ಏನಾಗ್ತದ ನೋಡೇ ಬಿಡೋಣ" ಎಂದು ಚಪ್ಪಲಿ ಬಿಟ್ಟು ಬಚ್ಚಲಮನೆಯ ಕಡೆ ನಡೆದ.

ಜಿಜಾಬಾಯಿ ಬಾಗಿಲಿಗೆ ಅಡ್ಡ ನಿಂತರು. "ಬ್ಯಾಡ ತಮ್ಮಾ."

"ಬದಿಗಿ ಸರೀರಿ ಆಯಿ."

"ನಾ ಸರಿಯಂಗಿಲ್ಲ. ನಮಗ ಎಷ್ಟ ಬೇಕಾದಷ್ಟು ಬೈ. ನಲ್ಲಿಗಿ ಕೈ ಹಚ್ಚಬ್ಯಾಡ. ಭಾಲ್ಕ್ಯಾಗ ನಿನ್ನ ಹೆಂಡ್ತಿ ಹಾದಿ ನೋಡ್ತಿರ್ತಾಳ."

ಉಸ್ಮಾನ ಮಿಯಾ ಜಿಜಾಬಾಯಿಯ ಬದಿಯಿಂದ ಒಳಗೆ ಹೋಗಿ, ಟೆಸ್ಟರಿನ ತುದಿಯನ್ನು ನಲ್ಲಿಗೆ ಹಚ್ಚಿದರು. ಅದರೊಳಗಿನ ದೀಪ ಕೆಂಪಗೆ ಹತ್ತಿತು.

ಜ್ಞಾನೇಶ್ವರ ಚಾಚಿದ ಕೈ ಹಿಂದಕ್ಕೆಳೆದುಕೊಂಡ. ಮುಖದ ಕಳೆ ಇಳಿಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು, "ಅಪ್ಪ ಕಟ್ಟಿಸಿದ ಮನಿ... ಒಳಗ ಹಿಂಗದಂತ ನನಗ ಗೊತ್ತೇ ಇರಲಿಲ್ಲ" ಎಂದ. ಜಿಜಾಬಾಯಿ ನೀರು ತಂದುಕೊಟ್ಟರು. ಅವನು ಗ್ಲಾಸನ್ನು ಹಿಡಿಯಲೋ ಬೇಡವೋ ಎಂದು ನೋಡಿದ. "ಮಡಕಿ ನೀರು, ನಲ್ಲೀದಲ್ಲ. ಕುಡಿ" ಎಂದರು ಅವರು.

ಪ್ರಾಧಿಕಾರದ ಮಾತುಕತೆಯಲ್ಲಿ ಎಲ್ಲವೂ ಸರಾಗವಾಗಿ ಮುಗಿಯಲಿಲ್ಲ. ಏರಿದ ಬಿಲ್ಲಿನ ವಿಷಯದಲ್ಲಿ ಜ್ಞಾನೇಶ್ವರ ಬಹಳ ಎಳೆದಾಡಿದ. ಕೊನೆಗೆ ಅರ್ಧ ಭಾರ ಹೊರಲು ಒಪ್ಪಿದ. ದವಾಖಾನೆಯ ಖರ್ಚು ರಾಜರತ್ನನಿಗೇ ಉಳಿಯಿತು. ಆದರೆ ಟ್ಯಾಂಕಿ ಬದಲಾಯಿತು, ಹೊಸ ವೈರಿಂಗ್ ಆಯಿತು, ಅರ್ಥಿಂಗ್ ಬಂತು, ಎರಡು ಮನೆಗೆ ಬೇರೆ ಬೇರೆ ಮೀಟರು ಬಂದವು. ಡಿಪಾಜಿಟ್ ಎಷ್ಟು, ಯಾವಾಗ ಮರಳಿಸಬೇಕು, ಯಾವ ದುರಸ್ತಿ ಯಾರದು ಎಂದು ಕರಾರು ಪತ್ರ ಬರೆದು ಇಬ್ಬರೂ ಸಹಿ ಹಾಕಿದರು.

ಹೊರಗೆ ಬರುವಾಗ ರಾಜರತ್ನ ಹೆಂಡತಿಗೆ ಹೇಳಿದ: "ನಾ ಅಂಜಿ ಕುಂತಿದ್ರ ನಿನಗೂ ಕಳಕೋತಿದ್ದೆ, ಆಯಿಗೂ ಕಳಕೋತಿದ್ದೆ. ಮನಿಗಿ ಹೋಗೋ ಮೊದ್ಲು ನನ್ನ ಗೆಳೆಯಗ ಫೋನ್ ಮಾಡ್ತೇನಿ. ಅವನೂ ಕಿರಾಯಿ ಮನ್ಯಾಗೇ ಅದಾನ."

ಅಕ್ಕಂದಿರೇ, ಅಣ್ಣಂದಿರೇ, ನೀವೂ ಬಾಡಿಗೆ ಮನೆಯಲ್ಲಿದ್ದೀರಾ? ಹಾಗಿದ್ದರೆ ಈಗಲೇ, ಹೊಸ ಮನೆಯಾದರೆ ಹೋಗುವ ಮೊದಲೇ ಕರಾರು ಪತ್ರ ಮಾಡಿಸಿಕೊಳ್ಳಿ. ಕೊಟ್ಟ ಹಣಕ್ಕೆಲ್ಲ ಪುರಾವೆ ಇಟ್ಟುಕೊಳ್ಳಿ. ದುರಸ್ತಿ ಬೇಕಾದರೆ ಬಾಯಿಮಾತಿನಲ್ಲಿ ಬಿಡದೆ ಬರೆದು ಕೇಳಿ. ಗೊಂದಲವಾದರೆ ಹತ್ತು ಮಂದಿಯ ಮಾತಿಗೆ ತಿರುಗಬೇಡಿ. ನಿಮ್ಮ ತಾಲ್ಲೂಕಿನ ಅಥವಾ ಜಿಲ್ಲೆಯ ಕೋರ್ಟಿನಲ್ಲಿರುವ ಕಾನೂನು ಸೇವಾ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮನೆ ಬಾಡಿಗೆಗೆ ಕೊಟ್ಟವರಿಗೂ ಒಂದು ಮಾತು: ಬಾಡಿಗೆ ಕೇಳಲು ಮಾಡುವ ಫೋನಿನಲ್ಲೇ "ಮನಿ ಹ್ಯಾಂಗದ?" ಎಂದೂ ಕೇಳಿ.

ಇವತ್ತೇ ನಿಮ್ಮ ಬಚ್ಚಲಮನೆಯ ಗೋಡೆಯನ್ನೊಮ್ಮೆ ನೋಡಿ. ಹಸಿಯಾಗಿದ್ದರೆ ಮುಟ್ಟಬೇಡಿ, ಒಣ ಕೈಯಿಂದ ಮೇನ್ ಸ್ವಿಚ್ ಬಂದ್ ಮಾಡಿ, ವೈರಿಂಗ್ ತಿಳಿದವರನ್ನು ಕರೆಯಿರಿ. ನಾಳೆ ನೋಡೋಣ ಎನ್ನಬೇಡಿ.