ಗಾದೆಯ ಕೆಳಗೆ ಹತ್ತು ಚೌಕ

“ಅಂದ್ರೆ, ನಾನು ಹೇಳಿಕೊಟ್ಟ ಗಾದೆಗಳಿಗೇ ಪರೀಕ್ಷೆ ಇಡ್ತಾ ಇದ್ದೀಯಾ?”

ಅಪ್ಪ ಕನ್ನಡಕವನ್ನು ಹಣೆಗೇರಿಸಿ ಊಟದ ಮೇಜಿನ ಮೇಲೆ ಹಾಸಿದ್ದ ದೊಡ್ಡ ಹಾಳೆಯತ್ತ ಬಗ್ಗಿದರು. ಪೋಸ್ಟರಿನ ಕರಡು ಪ್ರತಿ ಆಗತಾನೇ ಪ್ರೆಸ್ಸಿನಿಂದ ಬಂದಿತ್ತು. ಮೇಲೆ ಬೂದು ಮೋಡ, ಕೆಳಗೆ ಉತ್ತ ನೆಲ, ನಡುವೆ ಇಳಿಯುತ್ತಿರುವ ಒಂದೊಂದು ಹನಿಯೊಳಗೆ ಒಂದೊಂದು ಮಳೆಗಾದೆ. ಪ್ರತಿ ಗಾದೆಯ ಕೆಳಗೂ ಹತ್ತು ಖಾಲಿ ಚೌಕ. ಗಾದೆ ಹೇಳುವ ಲಕ್ಷಣ ಕಂಡಾಗಲೆಲ್ಲ ಮಕ್ಕಳು ಕಾದು ನೋಡಬೇಕು. ಮಳೆ ಬಂದರೆ ಸರಿ ಗುರುತು, ಬಾರದಿದ್ದರೆ ತಪ್ಪು ಗುರುತು.

“ಪರೀಕ್ಷೆ ಅಲ್ಲಪ್ಪ, ಗಮನಿಸೋದು,” ಎಂದಳು ಮಗಳು.

“ಹೆಸರು ಬದಲಾಯಿಸಿದ್ರೆ ಹಾಗಲಕಾಯಿ ಸಿಹಿಯಾಗುತ್ತಾ?”

ಸಸ್ಯವಿಜ್ಞಾನ ಓದಿದ್ದ ಅವಳು ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಚಿತ್ರ ಬರೆಯುವವಳು. ಮಳೆಗಾಲಕ್ಕೆ ಮುಂಚೆ ಶಾಲೆಗಳಿಗೆ ಹೋಗಬೇಕಿದ್ದ ಈ ಪೋಸ್ಟರು ಅವಳದೇ ಯೋಚನೆ. ಗಾದೆಗಳು ಮಾತ್ರ ಅಪ್ಪನವು. ತಾವು ನಡೆಸುತ್ತಿದ್ದ ಬೀಜದಂಗಡಿಯ ಗಲ್ಲಾದ ಹಿಂದೆ ಕೂತು, ತೂಕಕ್ಕೆ ಕಾಯುತ್ತಿದ್ದ ರೈತರ ಬಾಯಿಂದ ಕೇಳಿದ್ದನ್ನೆಲ್ಲ ಅವರವರ ದನಿಯಲ್ಲೇ ಹೇಳಿ ಬರೆಸಿದ್ದರು. ಕೆಳಗಿನ ಮೂಲೆಯಲ್ಲಿ ‘ಗಾದೆ ಹೇಳಿದವರು’ ಎಂದು ಅಪ್ಪನ ಹೆಸರೂ ಇತ್ತು.

“‘ಇರುವೆ ಮೊಟ್ಟೆ ಹೊತ್ತರೆ, ನೀನು ಹುಲ್ಲು ಹೊರು.’ ಇದನ್ನ ಹೇಳಿದ ಮುದುಕ ಈಗಿಲ್ಲ. ತಕ್ಕಡಿ ಮುಂದೆ ನಿಂತು ಬಾಯ್ತುಂಬ ನಗೋನು. ನಾಳೆ ಯಾವನೋ ಮೂರನೇ ಕ್ಲಾಸಿನ ಪೋರ ಅವನ ಮಾತಿಗೆ ಅಡ್ಡಗೀಟು ಎಳೀತಾನೆ. ವೇದ ಸುಳ್ಳಾದ್ರೂ ಗಾದೆ ಸುಳ್ಳಾಗಲ್ಲ ಕಣೇ.”

“ಸುಳ್ಳಾಗಲ್ಲ ಅಂದ್ಮೇಲೆ ಭಯ ಯಾಕಪ್ಪ?”

“ಭಯ ಯಾರಿಗೆ? ಚೌಕ ತೆಗಿ. ಇಲ್ಲ, ನನ್ನ ಹೆಸರು ತೆಗಿ, ಗಾದೆನೂ ತೆಗಿ.”

ಅಡುಗೆಮನೆಯಿಂದ ಅಮ್ಮ ಕೂಗಿದಳು: “ಗಾದೆ ತೆಗೆದ್ರೆ ಉಳಿಯೋದು ಮೋಡ ಒಂದೇ. ಅದನ್ನ ದುಡ್ಡು ಕೊಟ್ಟು ಅಚ್ಚು ಹಾಕಿಸ್ಬೇಕಾ? ಕಿಟಕಿ ತೆಗೆದ್ರೆ ಸಾಲ್ದಾ?”

ಮಧ್ಯಾಹ್ನದೊಳಗೆ ಪ್ರೆಸ್ಸಿನವರಿಗೆ ಒಪ್ಪಿಗೆ ಹೇಳಬೇಕಿತ್ತು. ಚೌಕ ತೆಗೆದರೆ ಅದು ಒಂದು ದಿನ ಚೆಂದ ಕಂಡು ಗೋಡೆಯಲ್ಲಿ ಗೋಡೆಯಾಗಿಬಿಡುವ ಚಿತ್ರ. ಅವಳಿಗೆ ಅದರಲ್ಲಿ ಅನುಮಾನವಿರಲಿಲ್ಲ. ಅಪ್ಪನ ಮುಖ ಹೀಗೆ ಗಂಟಿಕ್ಕಿರುವಾಗ ಅಚ್ಚು ಹಾಕಿ ಎನ್ನಲು ತನ್ನ ನಾಲಿಗೆ ಏಳದು ಎನ್ನುವುದೂ ಅಷ್ಟೇ ಖಚಿತವಾಗಿತ್ತು. ಅವಳು ಕುರ್ಚಿ ಎಳೆದು ಅವರ ಪಕ್ಕದಲ್ಲೇ ಕೂತಳು.

“ಚೌಕ ಹತ್ತೇ ಯಾಕೆ ಅಂತ ಕೇಳಲೇ ಇಲ್ಲ ನೀವು.”

“ಬೆರಳು ಹತ್ತು, ಅದಕ್ಕೆ.”

“ಹೊಸ ಬೀಜದ ಮೂಟೆ ಬಂದಾಗ ಅಂಗಡೀಲಿ ಮೊದಲು ಏನು ಮಾಡ್ತಿದ್ರಿ?”

ಯಾರ ಮೂಟೆಯೇ ಬರಲಿ, ಅಪ್ಪ ಅದರಿಂದ ಹತ್ತು ಕಾಳು ಎತ್ತಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ಗಂಟು ಬಿಚ್ಚಿ ಮೊಳಕೆ ಎಣಿಸಿದ ಮೇಲೆಯೇ ಬೀಜ ಮಾರಾಟಕ್ಕೆ.

“ಸ್ವಂತ ಅಣ್ಣನ ಮೂಟೇನೇ ವಾಪಸ್ ಕಳಿಸಿದ ಪುಣ್ಯಾತ್ಮರು,” ಎಂದಳು ಅಮ್ಮ, ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು. “ಭಾವ ಎಷ್ಟು ದಿನ ಈ ಹೊಸಿಲು ತುಳೀಲಿಲ್ಲ, ನೆನಪಿದ್ಯಾ?”

“ನೀನು ಸುಮ್ನಿರು. ಅದು ಬೀಜ.”

“ಬೀಜದ ಮೇಲೆ ನಂಬಿಕೆ ಇಲ್ದೆ ಕಟ್ತಿದ್ರಾ?” ಮಗಳು ಕೇಳಿದಳು.

“ನಂಬಿಕೆ ಇತ್ತು.” ಅಪ್ಪ ಹಾಳೆಯನ್ನೇ ನೋಡುತ್ತಿದ್ದರು. “ಆದ್ರೂ ಕಟ್ತಿದ್ದೆ.”

ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ಬೆರಳು ಚೌಕದಿಂದ ಚೌಕಕ್ಕೆ ಸರಿಯಿತು. “ಎಂಟು ಮೊಳೆತ್ರೆ ಒಳ್ಳೇ ಬೀಜ,” ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ದನಿ ಏರಿತು. “ಇರುವೆಗಾದೇನ ಯಾಕೆ ಕೆಳಗೆ ಬಚ್ಚಿಟ್ಟಿದ್ದೀಯ? ಎಲ್ಲಕ್ಕಿಂತ ಮೇಲೆ ಹಾಕು. ನೋಡ್ಲಿ ಎಲ್ರೂ.”

ಅವಳು ಪ್ರೆಸ್ಸಿಗೆ ಫೋನು ಮಾಡಿ ಆ ಬದಲಾವಣೆ ಹೇಳುತ್ತಿದ್ದಾಗಲೇ ಹಿತ್ತಲಿಂದ ಕೂಗು ಬಂತು. ಅಪ್ಪ ಹೂಕುಂಡ ಸರಿಸಿ ಕುಕ್ಕರಗಾಲಲ್ಲಿ ಕೂತಿದ್ದರು. ಬಿಳಿ ಮೊಟ್ಟೆ ಕಚ್ಚಿಕೊಂಡ ಇರುವೆಗಳ ಸಾಲು ಗೋಡೆ ಹತ್ತುತ್ತಿತ್ತು.

“ಲೇ, ಒಣಹಾಕಿದ ಬಟ್ಟೆ ಒಳಗೆ ತಗೋ!”

“ಹುಲ್ಲು ಹೊರೋರು ನೀವು. ಬಟ್ಟೇನೂ ನೀವೇ ಹೊರಿ,” ಎಂದಳು ಅಮ್ಮ.

ಹೊತ್ತರು. ನೀರಿಳಿಯುತ್ತಿದ್ದ ಹಾಸಿಗೆ ಬಟ್ಟೆಗಳನ್ನು ಎರಡೂ ಹೆಗಲಿಗೆ ಹಾಕಿಕೊಂಡು ಬಂದು ಮನೆಯ ಕುರ್ಚಿಗಳಿಗೆಲ್ಲ ಹೊದಿಸಿದರು. ಮಧ್ಯಾಹ್ನ ನಿಜವಾಗಿಯೂ ಮೋಡ ಕವಿಯಿತು, ತಣ್ಣನೆ ಗಾಳಿ ಬೀಸಿತು. ಅಪ್ಪ ಬಾಗಿಲಲ್ಲಿ ಎದೆ ಸೆಟೆದು ನಿಂತರು. ಸಂಜೆಯ ಹೊತ್ತಿಗೆ ಮೋಡ ಒಂದು ಹನಿಯನ್ನೂ ಉದುರಿಸದೆ ಚದುರಿ, ಹಳದಿ ಬಿಸಿಲು ನಡುಮನೆಯವರೆಗೆ ಬಂತು.

“ಬಾಡಿಗೆ ಜಾಸ್ತಿಯಾಗಿತ್ತೇನೋ,” ಎಂದಳು ಅಮ್ಮ, ಒದ್ದೆ ಬಟ್ಟೆಗಳ ನಡುವೆ ಕೂರಲು ಜಾಗ ಹುಡುಕುತ್ತ. “ಪಾಪ, ಇರುವೆಗಳು ಮನೆ ಬದಲಾಯಿಸಿವೆ.”

ಮಗಳು ನಗು ತಡೆದುಕೊಂಡು ಮೇಜಿನ ಮೇಲಿದ್ದ ಕರಡನ್ನು ಸುತ್ತಿಡಲು ಹೋದಳು.

“ಇರು,” ಎಂದರು ಅಪ್ಪ. “ಪೆನ್ನು ಕೊಡು.”

ಇರುವೆಗಾದೆಯ ಕೆಳಗಿನ ಮೊದಲ ಚೌಕದಲ್ಲಿ, ಗೆರೆಯ ತುದಿ ಅಂಚು ದಾಟದ ಹಾಗೆ, ನಿಧಾನವಾಗಿ ತಪ್ಪು ಗುರುತು ಎಳೆದರು. ಶಾಯಿ ಆರುವವರೆಗೆ ಊದಿದರು. ಆಮೇಲೆ ಎರಡನೇ ಚೌಕದ ಮೇಲೆ ಬೆರಳಿಟ್ಟುಕೊಂಡು, ಕಿಟಕಿಯಾಚೆಯ ಬರಿ ಆಕಾಶವನ್ನು ನೋಡುತ್ತ ಕೂತರು.