ಬೈಲಪ್ಪನ ಬಲಗೈ ಪೂಜೆ

ಆ ಬೆಳಗ್ಗೆ ಉಬ್ರಾಣಿ ಕಡೆಯ ಗುಡ್ಡಗಳಿಂದ ಇಳಿದ ಮಂಜು ನಮ್ಮ ಓಣಿಗೆ ಬಂದು, ದಾರಿ ತಪ್ಪಿದ ಎಮ್ಮೆಯ ಹಾಗೆ ನಿಂತುಬಿಟ್ಟಿತ್ತು. ಮುಂದಕ್ಕೂ ಹೋಗದು, ಹಿಂದಕ್ಕೂ ಸರಿಯದು. ತುರ್ತು ಪರಿಸ್ಥಿತಿ ಹೋದ ಮರುವರ್ಷದ ವಿಜಯದಶಮಿ ಅದು.

ಹಿಂದಿನ ದಿನ ಆಯುಧಪೂಜೆಯಾಗಿತ್ತು. ನೇಗಿಲು, ಕುಡುಗೋಲು, ಗುದ್ದಲಿಗಳೆಲ್ಲ ಮಿಂದು, ಅರಿಶಿನ ಕುಂಕುಮ ಹಚ್ಚಿಕೊಂಡು ಜಗಲಿಯ ಮೇಲೆ ಮದುಮಕ್ಕಳಂತೆ ಕುಳಿತಿದ್ದವು. ನಮ್ಮ ಓಣಿಯಲ್ಲಿ ಒಂದು ಕಟ್ಟಳೆಯಿತ್ತು. ಪೂಜೆಯಾದ ವಸ್ತುವನ್ನು ವಿಜಯದಶಮಿಯಂದು, ಅದು ಯಾವ ಕೆಲಸಕ್ಕೆಂದು ಕೇಳಿ, ಓಣಿಯ ಹಿರಿಯ ಕೈ ಕರ್ಪೂರ ಬೆಳಗಿ, ತುಸು ಅಲುಗಿಸಿ ಕದಲಿಸಬೇಕು. ಅಲ್ಲಿಯವರೆಗೆ ಅದು ದೇವರದು, ಯಾರೂ ಬಳಸುವಂತಿಲ್ಲ. ಆ ಹಿರಿಯ ಕೈ ಅಜ್ಜಮ್ಮನದು. ಬಾಯಲ್ಲಿ ಹಲ್ಲಿರಲಿಲ್ಲ, ಕಣ್ಣು ಮಾತ್ರ ಸೂಜಿ.

ಓಣಿಯ ಕೊನೆಮನೆ ಬೈಲಪ್ಪನದು. ದೊಡ್ಡ ದೈವಭಕ್ತ. ಹಣೆ ತುಂಬ ವಿಭೂತಿ. ಸಕ್ಕರೆ ಡಬ್ಬಿಗೆ ಬಿದ್ದ ಇರುವೆಯನ್ನು ಊದಿ ಊದಿ ಆಚೆ ಬಿಡುವ ಮನುಷ್ಯ, ಹೆಂಡತಿ ಕೊಟ್ರಮ್ಮನನ್ನು ಮಾತ್ರ ಎತ್ತು ಹೊಡೆಯುವ ಬಾರುಕೋಲಿನಲ್ಲಿ ಹೊಡೆಯುತ್ತಿದ್ದ. ಕಣ್ಣು ಊದಿದ್ದು ಯಾಕೆಂದು ಕೇಳಿದರೆ ಅವಳು "ಬಾಗಿಲು ತಾಗ್ತು" ಅನ್ನುತ್ತಿದ್ದಳು. ಅಷ್ಟು ತಾಗುವ ಬಾಗಿಲು ಇಡೀ ಚನ್ನಗಿರಿ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ. ಆದರೂ ಓಣಿ ನಂಬುತ್ತಿತ್ತು. ನಂಬಿದರೆ ಎದ್ದು ಹೋಗಿ ಬಿಡಿಸುವ ಕೆಲಸ ತಪ್ಪುತ್ತಿತ್ತಲ್ಲ.

ಈ ಸಲ ಕೊಟ್ರಮ್ಮ ಹಬ್ಬಕ್ಕೆ ನ್ಯಾಮತಿಯ ಅಣ್ಣನ ಮನೆಗೆ ಹೋಗಬೇಕೆಂದಿದ್ದಳು. ಬೈಲಪ್ಪ ಅವಳ ಟ್ರಂಕಿಗೆ ಬೀಗ ಜಡಿದು, ಕೀಲಿಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಒಳ್ಳೆಯ ಸೀರೆ, ಬಸ್ಸಿನ ಕಾಸು ಎಲ್ಲ ಅದರೊಳಗೆ. ಕೀಲಿ ಕೇಳಿದ್ದಕ್ಕೆ ಬಾರುಕೋಲು ಮಾತಾಡಿತು.

ಮಂಜಿನೊಳಗಿಂದ ಅಜ್ಜಮ್ಮ ಬೈಲಪ್ಪನ ಜಗಲಿಗೆ ಬಂದಳು. ಹಿಂದೆ ಪಕ್ಕದ ಮನೆಯ ಗಿಡ್ಡಮ್ಮ, ಕೈಯಲ್ಲಿ ಆರತಿತಟ್ಟೆ.

"ನೇಗಿಲು ಯಾತಕ್ಕಪ್ಪಾ?"

"ಉಳಾಕೆ ಅಜ್ಜಿ."

ಕದಲಿಸಿದಳು.

"ಕುಡುಗೋಲು?"

"ಕೊಯ್ಯಾಕೆ."

ಕದಲಿಸಿದಳು.

"ಬಾರುಕೋಲು?"

"ಎತ್ತಿಗೆ."

ಅಜ್ಜಮ್ಮ ಅಂಗಳದ ಎತ್ತಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದಳು. "ಎತ್ತಿನ ಮೈಮ್ಯಾಲೆ ಒಂದು ಬರೆ ಇಲ್ಲ ಕಣೋ ಬೈಲ. ನಿನ್ನೆ ಕೊಟ್ರಿ ಬೆನ್ನುಜ್ಜಿದ್ದು ನಾನೇ. ಬರೆ ಎಲ್ಲಾ ಅಲ್ಲೇ ಅದಾವೆ. ಯಾವ ಎತ್ತಿಗೆ ಅಂತ ಸರಿಯಾಗಿ ಹೇಳು, ಕದಲಿಸ್ತೀನಿ."

ಮಂಜಿನೊಳಗೆ ಯಾರೋ ಕೆಮ್ಮಿದರು. ಬಾರುಕೋಲು ದೇವರ ಪಾಲಾಗಿ ಜಗಲಿಯಲ್ಲೇ ಉಳಿಯಿತು. ಬೈಲಪ್ಪ ಹಲ್ಲು ಕಡಿಯುತ್ತಾ ಎತ್ತು ತೊಳೆಯಲು ಕೆರೆಗೆ ಹೋದ.

"ಬಂದ್ಮ್ಯಾಲೆ ಬಿಡಾಕಿಲ್ಲ ನನ್ನ," ಎಂದಳು ಒಳಗಿಂದ ಬಂದ ಕೊಟ್ರಮ್ಮ.

ಗಿಡ್ಡಮ್ಮ ತಲೆ ತಗ್ಗಿಸಿದಳು. "ನಿನ್ನ ಕೂಗು ಕೇಳಿದಾಗೆಲ್ಲ ನಾನು ರೇಡಿಯೋ ಜೋರು ಮಾಡ್ತಿದ್ದೆ ಕಣವ್ವ."

"ಇನ್ಮ್ಯಾಲೆ ಆರಿಸಿ ಓಡಿ ಬಾ. ಈಗ ಕುಂಕುಮ ಕಲಸು," ಎಂದಳು ಅಜ್ಜಮ್ಮ.

ಬೈಲಪ್ಪ ಬಂದವನೇ ನೇರ ಒಳಗೆ ನುಗ್ಗಿದ. "ಬೆನ್ನು ತೋರ್ಸ್ಕೊಂಡು ಬರ್ತೀಯೇನೇ ಊರಿಗೆಲ್ಲಾ?"

ಕೊಟ್ರಮ್ಮ ಒಲೆಯ ಮಗ್ಗುಲಲ್ಲಿ ಗೋಡೆಗೆ ಅಂಟಿ ನಿಂತಿದ್ದಳು. ಅವನು ಒನಕೆಗೆ ಕೈ ಹಾಕಿದ. ಒನಕೆಗೆ ಕುಂಕುಮ! ಗಾಬರಿಯಿಂದ ಕಣ್ಣಿಗೊತ್ತಿಕೊಂಡು ಒರಗಿಸಿದ. ಸೌದೆ ಎತ್ತಿದ. ಸೌದೆಗೂ ಕುಂಕುಮ, ಅದನ್ನೂ ಕಣ್ಣಿಗೊತ್ತಿಕೊಂಡ. ಗೂಟದ ಮೇಲಿನ ಕೊಡೆ ವಿಭೂತಿ ಬಳಿದುಕೊಂಡು, ಚೆಂಡುಹೂ ಮುಡಿದು, ಸಣ್ಣ ಮಠದ ಸ್ವಾಮಿಯಂತೆ ನೇತಾಡುತ್ತಿತ್ತು. ಕೊನೆಗೆ ಬಾಗಿಲ ಬಳಿಯ ಮೆಟ್ಟು ಎತ್ತಿದ. ಅದಕ್ಕೂ ಅರಿಶಿನ. ಅಭ್ಯಾಸಬಲದಿಂದ ಅದನ್ನೂ ಕಣ್ಣಿಗೊತ್ತಿಕೊಂಡ. ಒತ್ತಿಕೊಂಡ ಮೇಲೆ ತಿಳಿಯಿತು.

ಕೊಟ್ರಮ್ಮನಿಗೆ ಫಕ್ಕನೆ ನಗು ಬಂತು. ಬಂದ ನಗುವಿಗೆ ಅವಳೇ ಹೆದರಿ ಬಾಯಿ ಮುಚ್ಚಿಕೊಂಡಳು.

"ನಗ್ತೀಯಾ? ಕೈ ಐತಲ್ಲೇ ನಂಗೆ!" ಬೈಲಪ್ಪ ಬಲಗೈ ಎತ್ತಿದ.

"ಐತೆ ಕಣೋ, ಐತೆ," ಬಾಗಿಲಲ್ಲಿ ಅಜ್ಜಮ್ಮನ ದನಿ. "ಅದನ್ನೇ ಮರ್ತಿದ್ವಿ ನೋಡು. ಗಿಡ್ಡಿ, ತಾ ತಟ್ಟೆ."

ಓಣಿಯ ಹೆಂಗಸರೆಲ್ಲ ಒಳಗೆ ಬಂದು ಕೊಟ್ರಮ್ಮನಿಗೂ ಅವನಿಗೂ ನಡುವೆ ನಿಂತರು. ಎತ್ತಿದ ಕೈ ಗಿಡ್ಡಮ್ಮನಿಗೆ ಎಟುಕಲಿಲ್ಲ, ಮಣೆ ಹತ್ತಿದಳು. ಅರಿಶಿನ ಬಳಿದಳು, ಕುಂಕುಮ ಇಟ್ಟಳು, ಮಣಿಕಟ್ಟಿಗೆ ಹೂ ಸುತ್ತಿದಳು, ಬೆರಳ ಸಂದಿಯಲ್ಲಿ ಊದುಬತ್ತಿ ಸಿಕ್ಕಿಸಿದಳು. ಅಜ್ಜಮ್ಮ ಕರ್ಪೂರ ಹೊತ್ತಿಸಿ ಹಾಡತೊಡಗಿದಳು. ಬೈಲಪ್ಪ ಹುಟ್ಟಿದಾಗಿನಿಂದ ಆರತಿಗೆ ಬೆನ್ನು ತೋರಿಸಿದವನಲ್ಲ. ಮಿಸುಕದೆ ನಿಂತ. ಹೊಡೆಯಲು ಎತ್ತಿದ ಕೈ ಹೊಗೆಯಾಡುತ್ತಾ ಹಾಗೇ ಮೇಲಿತ್ತು.

"ಇಳಿಸ್ಲಾ ಅಜ್ಜಿ?"

"ಇಳಿಸ್ಬೋದು. ಬಳಸಂಗಿಲ್ಲ."

"ಮತ್ತೆ ಊಟ?"

"ಅಡಿಗೆನೇ ಇಲ್ಲ ಬಿಡು. ಕೊಟ್ರಿ ಕೈಗೂ ಪೂಜೆ ಆಗೈತೆ."

ಕೊಟ್ರಮ್ಮ ಹಳದಿಯಾದ ಎರಡೂ ಕೈ ತೋರಿಸಿದಳು. ಆಮೇಲೆ ಅಜ್ಜಮ್ಮನ ಮನೆಗೆ ಹೋಗಿ ಕುಳಿತಳು.

ಮಧ್ಯಾಹ್ನವೆಲ್ಲ ಬೈಲಪ್ಪ ಜಗಲಿಯಲ್ಲಿ ಕೈ ಮುಂದಿಟ್ಟುಕೊಂಡು ಕುಳಿತ. ಮೂಗಿನ ಮೇಲೆ ನೊಣ ಕುಳಿತರೆ ತುಟಿ ಮೇಲಕ್ಕೆ ಮಾಡಿ ಊದುತ್ತಿದ್ದ. ಗಿಡ್ಡಮ್ಮನ ಮನೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಹೋಗಿ ಬರುವವರು ಅವನನ್ನು ಬಿಟ್ಟು ಅವನ ಕೈಗೆ ನಮಸ್ಕಾರ ಮಾಡಿದರು. ಒಬ್ಬರು ಅರ್ಧ ತೆಂಗಿನಕಾಯಿ ಇಟ್ಟುಹೋದರು. ಕೊನೆಗೆ ಬೈಲಪ್ಪ ಗುಡಿಯ ಪೂಜಾರಿ ದೊಡ್ಡಣ್ಣನ ಬಳಿ ಹೋಗಿ ಅತ್ತುಕೊಂಡರೆ, ಅವನು ಆ ಕೈಗೊಂದು ದಾಸವಾಳ ಏರಿಸಿ, "ಕದಲಿಸೋದು ಅಜ್ಜಿಗೆ ಸೇರಿದ್ದು, ನಾನು ನಡುವೆ ಬಾಯಿ ಹಾಕಾಕಿಲ್ಲಪ್ಪ" ಎಂದ.

ಸಂಜೆಯಾಯಿತು. ಬನ್ನಿ ಕೊಡುವ ಹೊತ್ತು. ವರ್ಷದ ಮುನಿಸೆಲ್ಲ ಮರೆತು, ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎನ್ನುವ ಹೊತ್ತು. ಬನ್ನಿಯನ್ನು ಬಲಗೈಯಲ್ಲೇ ಕೊಡಬೇಕು. ಎಡಗೈಯಲ್ಲಿ ಕೊಟ್ಟರೆ ಯಾರು ತಗೊಂಡಾರು? ಹಸಿವನ್ನು ತಡೆದುಕೊಂಡಿದ್ದ ಬೈಲಪ್ಪ ಇದನ್ನು ತಡೆಯಲಾರದೆ ಅಜ್ಜಮ್ಮನ ಜಗಲಿಯ ಮುಂದೆ ಬಂದು ನಿಂತ. ಓಣಿಯೆಲ್ಲ ಅಲ್ಲೇ ಇತ್ತು.

"ಕದಲಿಸು ಅಜ್ಜಿ."

"ಯಾವ್ಯಾವ ಕೆಲಸಕ್ಕೆ, ಒಂದೊಂದೇ ಹೇಳು. ಬಿಟ್ಟಿದ್ದು ದೇವರ ಪಾಲು, ಕೊನೇತನ್ಕ."

"ಉಣ್ಣಾಕೆ. ಉಳಾಕೆ. ಎತ್ತಿಗೆ ಮೇವು ಹಾಕಾಕೆ. ಬನ್ನಿ ಕೊಡಾಕೆ."

"ಮೂಗಿನ ಮ್ಯಾಲಿನ ನೊಣ ಹೊಡಿಯಾಕೆ," ಎಂದಳು ಗಿಡ್ಡಮ್ಮ.

"ಅದಕ್ಕೂ. ಅಷ್ಟೇ."

"ಯೋಚ್ನೆ ಮಾಡಿ ಹೇಳು. ಅಷ್ಟೇನಾ?"

ಅವನು ಬಿಟ್ಟದ್ದೇನೆಂದು ಎಲ್ಲರಿಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅರಿಶಿನದ ಕೈ ಮುಂದೆ ಚಾಚಿ, "ಅಷ್ಟೇ" ಎಂದ.

"ಅಷ್ಟೇ ಅಲ್ಲ." ಕೊಟ್ರಮ್ಮ ಎದ್ದು ನಿಂತಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಓಣಿ ಕೇಳಿರಲಿಲ್ಲ. "ಉಡಿದಾರದ ಗಂಟು ಬಿಚ್ಚಾಕೆ ಅನ್ನೋದು ಮರ್ತ್ರಿ. ನಾಳೆ ನಾನು ಅಣ್ಣನ ಮನೆಗೆ ಹೋಗ್ತೀನಿ. ಬರೋದು ಬಿಡೋದು ಅಲ್ಲಿಂದ ಹೇಳಿಕಳಿಸ್ತೀನಿ."

"ಯಾಕೆ ಹೋದ್ಲು ಅಂತ ಊರು ಕೇಳಿದ್ರೆ ಏನು ಹೇಳ್ಲಿ?"

"ಬಾಗಿಲು ತಾಗ್ತು ಅನ್ನು," ಎಂದಳು ಅಜ್ಜಮ್ಮ. "ಊರು ನಂಬ್ತೈತೆ. ರೂಢಿ ಐತೆ."

ಕರ್ಪೂರ ಬೆಳಗಿ, ಅವನ ಕಿರುಬೆರಳನ್ನು ತುಸು ಅಲುಗಿಸಿ ಬಿಟ್ಟಳು.

ಬೈಲಪ್ಪ ಅಜ್ಜಮ್ಮನಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿದ. ಗಿಡ್ಡಮ್ಮನಿಗೆ ಕೊಟ್ಟ. ಆಮೇಲೆ ಗೋಡೆಯ ಕಡೆ ತಿರುಗಿ, ಸೊಂಟದ ಹತ್ತಿರ ಒಂದಿಷ್ಟು ಹೊತ್ತು ತಡಕಾಡಿದ. ತಿರುಗಿ ಬಂದು ಕೊಟ್ರಮ್ಮನ ಅರಿಶಿನದ ಅಂಗೈಯಲ್ಲಿ ನಾಲ್ಕು ಬನ್ನಿ ಎಲೆ ಇಟ್ಟ. ಎಲೆಗಳ ನಡುವೆ ಕೀಲಿಯಿತ್ತು.