ಬಚ್ಚಲುಗೋಡೆಯ ಹಿಡಿಕೆ

ಮೊದಲ ಹುಕ್ಕು ಬಿದ್ದದ್ದು ಒಂದು ಮಧ್ಯಾಹ್ನ. ಸಂಯುಕ್ತಾ ಶಾಲೆಯಲ್ಲಿ ಪಾಠ ಮುಗಿಸಿ ಬಂದು, ಕೈಕಾಲು ತೊಳೆದು, ಬಚ್ಚಲಿನಿಂದ ಹೊರಗೆ ಕಾಲಿಟ್ಟಿದ್ದಳಷ್ಟೆ. ಹಿಂದೆ ‘ಟಪ್’ ಎಂದಿತು. ರಬ್ಬರ್ ಬಟ್ಟಲಿನ ಹುಕ್ಕು, ಅದಕ್ಕೆ ತೂಗುಹಾಕಿದ್ದ ಅತ್ತೆಯ ಟವೆಲ್ಲಿನ ಸಮೇತ, ಒದ್ದೆ ನೆಲದ ಮೇಲೆ ಬಿದ್ದಿತ್ತು. ಎತ್ತಿ, ಒರೆಸಿ, ಅಂಗೈಯಿಂದ ಒತ್ತಿ ಮತ್ತೆ ಅಂಟಿಸಿದಳು. ಅಡುಗೆಮನೆಗೆ ಹೋಗುವಷ್ಟರಲ್ಲಿ ಮತ್ತೆ ಅದೇ ಸದ್ದು.

ಹೈದರಾಬಾದಿನ ನಾಚಾರಂನ ಆ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿತ್ತು. ಮನೆ ಕೊಡುವಾಗಲೇ ಮಾಲೀಕ ಖಡಾಖಂಡಿತವಾಗಿ ಹೇಳಿದ್ದ: “ಡ್ರಿಲ್ಲಿಂಗ್ ಮಾತ್ರಂ ವದ್ದಮ್ಮಾ!” ಗೋಡೆಗೆ ತೂತು ಕೊರೆಯುವಂತಿಲ್ಲ, ಟೈಲ್ಸ್ ಒಡೆಯುತ್ತವೆ ಎಂಬುದನ್ನು ಆಮೇಲೆ ಹಿಂದಿಯಲ್ಲೂ ಹೇಳಿ, ಫೋನಿನಲ್ಲೂ ನೆನಪಿಸಿದ್ದ. ಹೀಗಾಗಿ ಆ ಮನೆಯಲ್ಲಿ ಸೌಟಿನಿಂದ ಹಿಡಿದು ಸೋಪಿನ ಡಬ್ಬಿಯವರೆಗೆ ಎಲ್ಲವೂ ರಬ್ಬರ್ ಹುಕ್ಕುಗಳ ಮೇಲೇ ನಿಂತಿದ್ದವು.

ಇದರಿಂದ ಸಂಯುಕ್ತಾಳ ಗಂಡ ಶರಣಕುಮಾರನಿಗೆ ಬೇಸರವೇನೂ ಆಗಿರಲಿಲ್ಲ. ಅವನು ಅಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಪಂಪುಗಳಿಗೆ ಬೇಕಾದ ರಬ್ಬರ್ ವಾಷರು, ಸೀಲುಗಳು ಅವನ ಕಣ್ಣೆದುರೇ ಅಚ್ಚಿನಿಂದ ಬಿಸಿಬಿಸಿಯಾಗಿ ಹೊರಬರುತ್ತಿದ್ದವು. ರಬ್ಬರಿನ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

“ಬೀಳೂದು ರಬ್ಬರಿನ ತಪ್ಪಲ್ಲ, ಹಚ್ಚವರ ತಪ್ಪು,” ಎಂದು ಅವನು ಆ ಸಂಜೆ ಬಚ್ಚಲಿಗೇ ಹೋಗಿ ನಿಂತ. “ಮೊದ್ಲ ಟೈಲ್‌ಗೆ ಸ್ಪಿರಿಟ್ ಹಚ್ಚಿ ಒರಸಬೇಕು. ಸಾಬೂನಿನ ಜಿಡ್ಡು ಒಂದೀಟೂ ಇರಬಾರ್ದು. ರಬ್ಬರ್ ಬಿಸಿನೀರಾಗ ಅದ್ದಿ ಮೆತ್ತಗ ಮಾಡ್ಕೊ. ನಡುವ ಒತ್ತಿ, ಒಳಗಿನ ಗಾಳಿ ಎಲ್ಲಾ ಹೊರಗ ಹಾಕು. ಆಮ್ಯಾಲ ಒಂದ ದಿನ ಅದಕ ಏನೂ ತೂಗ ಹಾಕಬ್ಯಾಡ.”

“ಅಡಿಗಿಮನ್ಯಾಗ ನಾ ಹಂಗ ಹಚ್ಚೀನಲ್ರಿ, ಒಂದೂ ಬಿದ್ದಿಲ್ಲ. ಈ ಗ್ವಾಡಿಗಷ್ಟ ನಿಲ್ಲವಲ್ಲವು,” ಎಂದಳು ಸಂಯುಕ್ತಾ.

ಅವನು ಹೇಳಿದಂತೆಯೇ ಎಲ್ಲ ಮಾಡಿ ಹಚ್ಚಿದ. ಮರುದಿನ ಬೆಳಿಗ್ಗೆ ಹುಕ್ಕು ನೆಲದ ಮೇಲಿತ್ತು.

ಬರೀ ಟವೆಲ್ಲಿನ ಹುಕ್ಕಾಗಿದ್ದರೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಶರಣಕುಮಾರನ ತಾಯಿ ಶಾರದಾಬಾಯಿಗೆ ಸೊಂಟದ ಆಪರೇಷನ್ ಆಗಿತ್ತು. ಮುದ್ದೇಬಿಹಾಳದಲ್ಲಿ ದೊಡ್ಡ ಮಗನ ಮನೆಯಲ್ಲಿದ್ದವರನ್ನು ಇವನೇ ಹೈದರಾಬಾದಿಗೆ ಕರೆತಂದು ಆಪರೇಷನ್ ಮಾಡಿಸಿ, ತನ್ನ ಮನೆಯಲ್ಲಿಟ್ಟುಕೊಂಡಿದ್ದ. ಸ್ನಾನದ ಸ್ಟೂಲಿನಿಂದ ಏಳುವಾಗ ಅವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಬೇರೆಯವರ ಕೈಯಿಂದ ಸ್ನಾನ ಮಾಡಿಸಿಕೊಳ್ಳುವುದಕ್ಕೆ ಅವರು ಒಪ್ಪುತ್ತಿರಲಿಲ್ಲ, ಸೊಸೆಯಾದರೂ ಸರಿ. ಎರಡು ದೊಡ್ಡ ರಬ್ಬರ್ ಬಟ್ಟಲುಗಳ ಮೇಲೆ ನಿಲ್ಲುವ ಬಿಳಿ ಹಿಡಿಕೆಯೊಂದನ್ನು ಶರಣಕುಮಾರ ತಂದಿದ್ದ. ಸ್ಟೂಲಿನ ಪಕ್ಕಕ್ಕಿದ್ದದ್ದು ಆ ಒಂದೇ ಗೋಡೆ. ಅದರ ಮೇಲ್ಭಾಗದಲ್ಲಿ ಗೀಸರ್ ಇತ್ತು.

ಹಿಡಿಕೆಯೂ ಬಿತ್ತು. ಹಚ್ಚಿದಷ್ಟು ಸಲ ಬಿತ್ತು. ಶರಣಕುಮಾರ ಕಾರ್ಖಾನೆಯಿಂದ ಬಂದವನು ಚಹಾ ಕುಡಿಯುವ ಮೊದಲೇ ಬಚ್ಚಲಿಗೆ ಹೋಗಿ ನೋಡುವುದು, ಬಿದ್ದದ್ದನ್ನು ಎತ್ತಿಕೊಂಡು ಮುಖ ಗಂಟು ಹಾಕಿಕೊಂಡು ಹೊರಬರುವುದು ರೂಢಿಯಾಯಿತು.

ಸಂಯುಕ್ತಾಳ ಕಣ್ಣು ಮಾತ್ರ ಗೋಡೆಯ ಮೇಲೇ ಇತ್ತು. ಟೈಲ್‌ಗಳ ಹೊಳಪಿನಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡಿದ್ದವು. ದೀಪಕ್ಕೆ ಓರೆಯಾಗಿ ನೋಡಿದರೆ ಮಾತ್ರ ಕಾಣುತ್ತಿದ್ದವು. ಸಂದುಗಳಲ್ಲಿ ಉಪ್ಪಿನಂಥ ಬಿಳಿ ಪುಡಿ ಹೊರಬಂದಿತ್ತು. ಒರೆಸಿದರೆ ಎರಡು ದಿನಕ್ಕೆ ಮತ್ತೆ ಬರುತ್ತಿತ್ತು. ಗೀಸರ್ ಕಾಯುವಾಗ ಗೋಡೆಯೊಳಗೆ ಎಲ್ಲೋ ಟಿಕ್, ಟಿಕ್ ಎನ್ನುತ್ತಿತ್ತು. ಒಂದು ಭಾನುವಾರ ಮಲಗುವ ಕೋಣೆಯ ಕಪಾಟು ಸರಿಸಿ ಕಸ ಗುಡಿಸುತ್ತಿದ್ದವಳು ಬಗ್ಗಿ ನೋಡಿದಳು. ಬಚ್ಚಲಿಗೆ ಬೆನ್ನು ಹಚ್ಚಿದ ಆ ಗೋಡೆಯ ಬಣ್ಣ ಉಬ್ಬಿ, ಕಪ್ಪಗೆ ಬೂಸ್ಟು ಹಿಡಿದಿತ್ತು. ಬೆರಳಿನಿಂದ ಒತ್ತಿದರೆ ಗಿಲಾವು ನೆನೆದ ಅವಲಕ್ಕಿಯಂತೆ ಒಳಗಿಳಿಯಿತು.

ಗಂಡನನ್ನು ಕರೆದು ತೋರಿಸಿದಳು.

“ಗ್ವಾಡ್ಯಾಗ ನೀರು ಇಳ್ಯಾಕತ್ತೈತ್ರಿ. ಮ್ಯಾಲ ಗೀಸರ್ ಬ್ಯಾರೆ ಐತಿ. ಹಿಡಿಕಿ ಅಲ್ಲಿ ಬ್ಯಾಡ. ಅತ್ತಿಗೆ ನಾನ ಕೈ ಹಿಡದು ಎಬ್ಬಸ್ತೀನಿ. ಓನರಿಗೆ ಹೇಳಿ ಗ್ವಾಡಿ ಒಡಸೋಣು.”

“ಹೈದರಾಬಾದಿನಾಗ ಯಾರ ಮನ್ಯಾಗ ಸೀಪೇಜ್ ಇಲ್ಲ?”

“ಸೀಪೇಜ್ ಅಂತ ಬಿಡಂಗಿಲ್ರಿ ಇದು. ನನಗ ಭಾಳ ಅಂಜಿಕಿ ಆಗಾಕತ್ತೈತಿ.”

ಅವನು ಕಪಾಟನ್ನು ಮತ್ತೆ ಗೋಡೆಗೆ ದೂಡಿದ. “ಅವ್ವ ಇಲ್ಲಿರೂದು ನಿನಗ ಭಾರ ಆಗಿದ್ರ ನೆಟ್ಟಗ ಹೇಳು, ಸಂಯುಕ್ತಾ. ಗ್ವಾಡಿ ಮ್ಯಾಲ ಹಾಕಬ್ಯಾಡ.”

ಅತ್ತೆಯ ಮಾತ್ರೆ, ಪಥ್ಯ, ವಾಕರ್ ಹಿಡಿಸಿ ನಡೆಸುವುದು, ಎಲ್ಲವನ್ನೂ ಈ ಮನೆಯಲ್ಲಿ ಮಾಡುತ್ತಿದ್ದವಳು ಅವಳೇ. ಗುಡಿಸಿದ ಕಸ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಂದಿನಿಂದ ಗೋಡೆಯ ಸುದ್ದಿ ತೆಗೆಯಲಿಲ್ಲ. ಮಾಲೀಕನಿಗೆ ತಾನೇ ಫೋನು ಮಾಡಿದಳು. “ಚೂಸ್ತಾನಮ್ಮಾ” ಎಂದ. ನೋಡುತ್ತೇನೆ ಎಂದವನು ಬರಲೇ ಇಲ್ಲ.

ಕೆಲವು ದಿನಗಳ ಮೇಲೆ ಶರಣಕುಮಾರ ಒಂದು ಪೊಟ್ಟಣ ಹಿಡಿದು ನಗುತ್ತ ಬಂದ. ಕಾರ್ಖಾನೆಯಲ್ಲಿ ಹೇಳಿ, ಹಿಡಿಕೆಗೆ ಹೊಂದುವಂತೆ ಹೊಸ ರಬ್ಬರ್ ಬಟ್ಟಲುಗಳನ್ನು ಮಾಡಿಸಿದ್ದ. ಅಂಗಡಿಯ ರಬ್ಬರಿಗಿಂತ ದಪ್ಪ. ಅಂಚು ಮಾತ್ರ ಹೋಳಿಗೆಯಷ್ಟು ಮೆತ್ತಗೆ. ಬಿರುಕಿದ್ದರೂ ಅದರೊಳಗೆ ಹೊಕ್ಕು ಕೂರುವಂಥದ್ದು. ಆ ರಾತ್ರಿ ಹಚ್ಚಿದ ಹಿಡಿಕೆ ಬೆಳಿಗ್ಗೆಯೂ ಅಲ್ಲೇ ಇತ್ತು, ಮರುದಿನವೂ ಇತ್ತು. ಸ್ನಾನ ಮುಗಿಸಿ ಎದ್ದ ಶಾರದಾಬಾಯಿ, “ನನ್ನ ಮಗ ಗಟ್ಟಿ ಮಾಡಿದ ನೋಡು” ಎಂದು ಬಾಗಿಲಾಚೆಯಿಂದ ಕೂಗಿ ಹೇಳಿದರು. ಮನೆಯಲ್ಲಿ ಮತ್ತೆ ನಗೆ ಬಂತು. ಸಂಯುಕ್ತಾಳೂ ನಕ್ಕಳು. ತಾನೇ ಸುಮ್ಮನೆ ಹೆದರಿದೆನೇನೋ ಎಂದು ಒಂದು ವಾರ ಅವಳಿಗೂ ಅನಿಸಿತು.

ಆಮೇಲೊಂದು ದಿನ ಬಚ್ಚಲು ತೊಳೆಯುವಾಗ ಅವಳ ಉಗುರು ಏನಕ್ಕೋ ಸಿಕ್ಕಿತು. ಹಿಡಿಕೆ ಕೂತಿದ್ದ ಟೈಲು ಪಕ್ಕದ ಟೈಲಿಗಿಂತ ಚೂರೇ ಚೂರು ಮುಂದೆ ಬಂದಿತ್ತು. ಬೆರಳ ಗೆಣ್ಣಿನಿಂದ ಬಡಿದಳು. ಒಳಗೆ ಟೊಳ್ಳು. ಮೇಲಿನ ಸಾಲು ಬಡಿದಳು, ಅದೂ ಟೊಳ್ಳು. ಗೀಸರಿನ ಕೆಳಗಿನವರೆಗೂ ಟೊಳ್ಳೇ.

ಮರುದಿನ ರಜೆ. ಶಾರದಾಬಾಯಿ ತಲೆಗೆ ಎಣ್ಣೆ ಹಚ್ಚಿಕೊಂಡು, ಬಚ್ಚಲ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ನೀರು ಕಾಯುವುದನ್ನೇ ನೋಡುತ್ತಿದ್ದರು. ಸಂಯುಕ್ತಾ ಬಾಗಿಲಿಗೆ ಅಡ್ಡ ನಿಂತಳು.

“ಇವತ್ತ ಇಲ್ಲಿ ಜಳಕಾ ಬ್ಯಾಡ್ರಿ ಅತ್ತಿ. ನೀರು ಕಾಸಿ ಹಿತ್ತಲ ಬಾಲ್ಕನಿಗೆ ಪಡದಾ ಕಟ್ಟಿಕೊಡ್ತೀನಿ.”

“ಯಾಕವಾ?”

“ಗ್ವಾಡಿ ಸಡ್ಲಾಗೇತ್ರಿ.”

ಒಳಗಿನಿಂದ ಶರಣಕುಮಾರ ಬಂದ. ಅರ್ಧ ಗಡ್ಡ ಕೆರೆದುಕೊಂಡಿದ್ದ, ಕೆನ್ನೆಯ ಮೇಲೆ ಇನ್ನೂ ನೊರೆ. “ಮತ್ತ ಚಾಲೂ ಆತೇನು? ಸರಿ ಅತ್ತಾಗ.” ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದ. “ಬಾ ಇಲ್ಲೆ, ನೋಡು. ನನ್ನ ಇಡೀ ಭಾರ ಹಾಕ್ತೀನಿ.”

“ಬ್ಯಾಡ್ರಿ! ಜಗ್ಗಬ್ಯಾಡ್ರಿ!”

ಅವನು ಎರಡೂ ಕೈಯಿಂದ ಹಿಡಿಕೆ ಹಿಡಿದು ಹಿಂದಕ್ಕೆ ವಾಲಿದ. ಹಿಡಿಕೆ ಮಿಸುಕಲಿಲ್ಲ. “ಹೆಂಗೈತಿ?” ಎಂದು ತಿರುಗಿ ನೋಡಿ ನಕ್ಕ. ಇನ್ನೊಮ್ಮೆ ಜಗ್ಗಿದ.

ಗೋಡೆಯೊಳಗೆ ಏನೋ ಮುರಿದ ಸದ್ದಾಯಿತು. ಹಿಡಿಕೆಯ ಜೊತೆಗೇ ಟೈಲು ಬಂತು, ಅದರ ಹಿಂದೆ ಮೇಲಿನ ಸಾಲು, ಕಪ್ಪು ಕೆಸರಿನಂಥ ಗಿಲಾವು. ಅವನು ಹಿಂದಕ್ಕೆ ಬೀಳುತ್ತಿದ್ದಂತೆ ಗೀಸರ್ ಒಂದು ಕ್ಷಣ ತಲೆ ಬಾಗಿಸಿದ ಹಾಗೆ ವಾಲಿ, ಗೋಡೆ ಬಿಟ್ಟು ಬಂದು ಅವನ ಭುಜಕ್ಕೆ ಅಪ್ಪಳಿಸಿತು. ಪೈಪು ಕಿತ್ತು ಕುದಿಯುವ ನೀರು ಚಿಮ್ಮಿತು.

ಸಂಯುಕ್ತಾ ಮೊದಲು ಓಡಿದ್ದು ಮೇನ್ ಸ್ವಿಚ್ಚಿಗೆ. ಅದನ್ನು ಆರಿಸಿ ಬಂದು, ನೀರಿನ ವಾಲ್ವ್ ತಿರುಗಿಸಿ, ಆವಿಯೊಳಗೆ ನುಗ್ಗಿ ಅವನ ಕಂಕುಳಿಗೆ ಕೈ ಹಾಕಿ ಹೊರಗೆಳೆದಳು. ಶಾರದಾಬಾಯಿ ಕುರ್ಚಿಯಿಂದ ಏಳಲಾಗದೆ, “ಶರಣೂ, ನನ್ನಪ್ಪಾ” ಎಂದು ಕೂಗುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಅವನನ್ನು ಇಟ್ಟುಕೊಂಡರು. ಕೊರಳಿನ ಪಕ್ಕದ ಎಲುಬು ಮುರಿದಿತ್ತು. ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಜೀವಕ್ಕೇನೂ ಅಪಾಯವಿಲ್ಲ, ಕೈ ಮೊದಲಿನಂತಾಗಲು ಸಮಯ ಬೇಕು ಎಂದರು. ಅವನಿಗೆ ತಮ್ಮನಂತಿದ್ದ ಗೆಳೆಯ ಬಸವಕಿರಣ ರಾತ್ರಿ ಅಲ್ಲೇ ಇರುತ್ತೇನೆಂದು ಹೇಳಿ ಅವಳನ್ನು ಮನೆಗೆ ಕಳಿಸಿದ. ಹೊರಡುವಾಗ ಶರಣಕುಮಾರ ಕಣ್ಣು ತೆರೆದ.

“ಅವ್ವ ಒಳಗಿದ್ದಿದ್ರ…” ಎಂದ. ಅವಳು ಅವನ ಸುಡದ ಕೈಯನ್ನು ಹಿಡಿದು ಸ್ವಲ್ಪ ಹೊತ್ತು ನಿಂತಳು.

ಸಂಜೆ ಮನೆಗೆ ಬಂದು ಅತ್ತೆಗೆ ಅನ್ನ ಕಲಸಿ ಕೊಟ್ಟಳು. ಶಾರದಾಬಾಯಿ ತಟ್ಟೆಯನ್ನು ಮುಟ್ಟಲಿಲ್ಲ.

“ಅವತ್ತ ನೀವಿಬ್ರೂ ಕಪಾಟಿನ ಹತ್ರ ಮಾತಾಡಿದ್ದು ನನಗ ಕೇಳಿಸಿತ್ತವಾ,” ಎಂದರು. “ಆ ಹಿಡಿಕಿ ನಾ ಹಿಡದಾಗೆಲ್ಲಾ ಅಲುಗತಿತ್ತು. ಹಿಡಿಕಿ ಅಲ್ಲ, ಅದರ ಹಿಂದಿನ ಗ್ವಾಡಿ. ಸಡ್ಲ ಆದ ಹಲ್ಲು ನಾಲಿಗಿಗೆ ಗೊತ್ತಾಕ್ಕೈತಲ್ಲ, ಹಂಗ.”

ಸಂಯುಕ್ತಾ ತಟ್ಟೆಯನ್ನು ಪಕ್ಕಕ್ಕಿಟ್ಟಳು. “ಮತ್ತ ಯಾಕ ಹೇಳಲಿಲ್ರಿ ಅತ್ತಿ?”

“ಹೇಳಿದ್ರ ಮತ್ತ ನಿಮ್ಮಿಬ್ಬರಿಗೆ ಜಗಳ. ಅಂವ ಅಷ್ಟ ಆಸೇಲೆ ಮಾಡಿಸ್ಕೊಂಡು ಬಂದಿದ್ದ. ನಾ ಸುಮ್ಮ ಕೈ ಇಟ್ಟಂಗ ಮಾಡಿ, ಬಕೀಟಿನ ಅಂಚು ಹಿಡದು ಏಳತಿದ್ದೆ. ಗಟ್ಟಿ ಐತಿ ಅಂತ ಒದರತಿದ್ದೆ.” ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸಂಯುಕ್ತಾ ಅವರ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ತೆರೆದ ಬಚ್ಚಲ ಬಾಗಿಲಿನಿಂದ ಒಡೆದ ಗೋಡೆ ಕಾಣುತ್ತಿತ್ತು. ಇಟ್ಟಿಗೆಗಳ ನಡುವೆ ತುಕ್ಕು ಹಿಡಿದ ಪೈಪೊಂದು ಮೇಲಿನಿಂದ ಇಳಿದು ಬಂದಿತ್ತು. ತಮ್ಮ ಮನೆಯ ವಾಲ್ವ್ ಮುಚ್ಚಿದ್ದರೂ ಅದರ ಮೈಯಿಂದ ನೀರು ಜಿನುಗುತ್ತಲೇ ಇತ್ತು. ಅಷ್ಟರಲ್ಲಿ ಮೇಲಿನ ಮನೆಯಲ್ಲಿ ನಲ್ಲಿ ಬಿಟ್ಟ ಸದ್ದು, ಬಕೀಟು ತುಂಬುವ ಸದ್ದು, ಜೊತೆಗೆ ಮಗುವೊಂದು ಕೇಕೆ ಹಾಕಿದ್ದು ಕೇಳಿಸಿತು. ಜಿನುಗು ಧಾರೆಯಾಯಿತು. ಆ ಮನೆಯ ಬಚ್ಚಲೂ ಇದೇ ಗೋಡೆಗಿತ್ತು, ಗೀಸರೂ ಇದೇ ಜಾಗದಲ್ಲಿ.

ಅವಳು ದಡಕ್ಕನೆ ಎದ್ದು ಮೆಟ್ಟಿಲು ಹತ್ತಿದಳು. ಮೇಲಿನ ಮನೆಯ ಮಾನಸಾ ರಜೆಯಲ್ಲೂ ಮಾದಾಪುರದ ಆಫೀಸಿಗೆ ಹೋಗಿ ಆಗಷ್ಟೇ ಬಂದು ಮಗುವಿಗೆ ಸ್ನಾನ ಮಾಡಿಸಲು ಕೂತಿದ್ದಳು. ಬೆಲ್ ಒತ್ತಿದರೂ ಬಾಗಿಲು ತೆರೆಯಲಿಲ್ಲ. ಸಂಯುಕ್ತಾ ಎರಡೂ ಅಂಗೈಯಿಂದ ಬಾಗಿಲು ಬಡಿದಳು. ಕೊನೆಗೆ ಮಾನಸಾ ಸೋಪಿನ ಕೈಯಲ್ಲೇ ಬಂದು, ಏನಾಗಿದೆ ನಿಮಗೆ ಎಂದು ತೆಲುಗಿನಲ್ಲಿ ಸಿಡುಕಿದಳು.

“ಮಗು ಎಲ್ಲಿ?” ಎಂದು ಸಂಯುಕ್ತಾ ಅವಳದೇ ಭಾಷೆಯಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ನುಗ್ಗಿದಳು. ಟಬ್ಬಿನಲ್ಲಿ ಕೂತು ನೀರು ಬಡಿಯುತ್ತಿದ್ದ ಮಗುವನ್ನು ಬಾಚಿ ಎತ್ತಿಕೊಂಡು ಹೊರಗೆ ಬಂದು, ಗೀಸರಿನ ಸ್ವಿಚ್ಚು ಆರಿಸಿದಳು. ಮಾನಸಾ ಮಗುವನ್ನು ಕಸಿದುಕೊಂಡು ಬೈಯಲು ಬಾಯಿ ತೆರೆದವಳು, ಸಂಯುಕ್ತಾ ಬೆರಳು ತೋರಿಸಿದ ಕಡೆ ನೋಡಿ ಹಾಗೇ ನಿಂತಳು. ಗೀಸರಿನ ಕೆಳಗೆ ಗೋಡೆ ಬಸುರಿಯ ಹೊಟ್ಟೆಯಂತೆ ಮುಂದಕ್ಕೆ ಉಬ್ಬಿತ್ತು.

“ದಿನಾ ನೋಡ್ತಿದ್ದೆ,” ಎಂದಳು ಮಾನಸಾ ತೆಲುಗಿನಲ್ಲೇ, ತೀರ ಮೆಲ್ಲಗೆ. “ಟೈಲು ಹಾಕಿದ್ದೇ ಹಾಗೆ ಅಂದುಕೊಂಡಿದ್ದೆ.”

ಇಬ್ಬರೂ ಸೇರಿ ಬಚ್ಚಲ ಬಾಗಿಲು ಎಳೆದು ಚಿಲಕ ಹಾಕಿದರು. ಮೈಯೆಲ್ಲ ಸೋಪಿನ ನೊರೆಯಿದ್ದ ಮಗುವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮಾನಸಾ ಕೆಳಗಿಳಿದು ಬಂದಳು. ಸಂಯುಕ್ತಾ ಸ್ಟೋವಿನ ಮೇಲೆ ನೀರಿಟ್ಟಳು. ಶಾರದಾಬಾಯಿ ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ಎರೆಯಲಾಗದಿದ್ದರೂ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, ಎರಡೂ ಕೈ ಚಾಚಿ, “ಕೊಡವಾ ಇಲ್ಲಿ, ನಾ ಹಿಡ್ಕೊತೀನಿ” ಎಂದರು.